ವೆಬ್ ಡೆವಲಪರ್‌ಗಳ ಬ್ಲಾಗ್‌ಗಳು ನಾಲ್ಕೇ ಬರಹಕ್ಕೆ ನಿಲ್ಲುವುದೇಕೆ? ಹೊಸಬನಾದ ನಾನೂ ಒಂದನ್ನು ಆರಂಭಿಸಬೇಕೇ? ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ನಮ್ಮ ಕಸುಬಿನವರಿಗೆ ಬರೆಯುವುದಕ್ಕಿಂತ ಬರೆಯುವ ಜಾಗವನ್ನು ಕಟ್ಟುವುದರಲ್ಲೇ ಖುಷಿ ಹೆಚ್ಚು. ಗೃಹಪ್ರವೇಶ ಮುಗಿಸಿ ವಾಸಕ್ಕೇ ಬಾರದವರ ಹಾಗೆ.

ನನ್ನ ಜೊತೆ ಕೆಲಸ ಮಾಡಿದವರ ಬ್ಲಾಗ್‌ಗಳನ್ನು ತೆರೆದರೆ ಬಹುತೇಕ ಒಂದೇ ಕಥೆ. ಮೊದಲ ಬರಹ, ಈ ತಾಣವನ್ನು ಹೇಗೆ ಕಟ್ಟಿದೆ. ಎರಡನೆಯದು, ವರ್ಡ್‌ಪ್ರೆಸ್ ಬಿಟ್ಟು ಜೆಕಿಲ್‌ಗೆ ಏಕೆ ಬಂದೆ. ಮೂರನೆಯದು, ಜೆಕಿಲ್ ಬಿಟ್ಟು ಆಸ್ಟ್ರೋಗೆ ಏಕೆ ಹೋದೆ (ಮೂರೂ ತಾಣ ಕಟ್ಟುವ ಸಾಧನಗಳೇ). ನಡುವೆ ಓದುವಂಥದ್ದೇನೂ ಇರುವುದಿಲ್ಲ, ಕಪ್ಪು-ಬಿಳಿ ಹಿನ್ನೆಲೆ ಬದಲಿಸುವ ಗುಂಡಿ ಮಾತ್ರ ಬಹಳ ಸೊಗಸಾಗಿರುತ್ತದೆ! ಈ ಚಾಳಿ ಹೊಸದೇನಲ್ಲ. 2004ರಲ್ಲಿ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ತನ್ನ ಪರವಾನಗಿ ನಿಯಮಗಳನ್ನು ಬದಲಿಸಿದಾಗ ಬಹಳಷ್ಟು ಬ್ಲಾಗಿಗರು ಗಂಟುಮೂಟೆ ಕಟ್ಟಿಕೊಂಡು ವರ್ಡ್‌ಪ್ರೆಸ್‌ಗೆ ಬಂದರು. 2008ರಲ್ಲಿ ಗಿಟ್‌ಹಬ್‌ನ ಸಹಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಹೊರತಂದರು. ಡೇಟಾಬೇಸ್ ಬೇಡ, ಬರೀ ಪಠ್ಯ ಕಡತಗಳು ಸಾಕು ಎಂಬ ಕ್ರಮ ಅಲ್ಲಿಂದ ಹಬ್ಬಿತು, ಮತ್ತೆ ಗಂಟುಮೂಟೆ.

ಇದನ್ನು ನೋಡಿ ನಕ್ಕುಬಿಡುವುದು ಸುಲಭ. ಆದರೆ ನಾವು ದಿನವೂ ಮಾಡುವ ಕೆಲಸದ ಎಷ್ಟೋ ಪಾಲು ಇಂಥ ಸ್ವಂತ ತಾಣಗಳಲ್ಲೇ ರೂಪುಗೊಂಡಿದೆ. ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಭಾಷೆ) ಹೇಳಿಕೊಡುವ ಕಾಲೇಜು ಆಗ ಎಲ್ಲಿತ್ತು? ವೆಬ್ ಡಿಸೈನರ್ ಜೆಫ್ರಿ ಝೆಲ್ಡ್‌ಮನ್ ತಮ್ಮ ತಾಣವನ್ನು ಆರಂಭಿಸಿದ್ದು 1995ರಲ್ಲಿ. ಬ್ರೌಸರ್‌ಗಳು ಹೇಳದೆ ಕೇಳದೆ ಸೇರಿಸುವ ಅಂಚು, ಅಂತರಗಳನ್ನೆಲ್ಲ ಸೊನ್ನೆಗಿಳಿಸುವ ರೀಸೆಟ್ ಸಾಲುಗಳನ್ನು ಎರಿಕ್ ಮೇಯರ್ 2007ರಲ್ಲಿ ತಮ್ಮ ಬ್ಲಾಗಿನಲ್ಲಿ ಹಾಕಿದರು, ಓದುಗರು ಎತ್ತಿದ ತಕರಾರುಗಳನ್ನು ನೋಡಿ ತಿದ್ದಿ ಮತ್ತೆ ಹಾಕಿದರು. ಅದು ಎಷ್ಟು ತಾಣಗಳೊಳಗೆ ಸೇರಿಹೋಯಿತು ಎಂದು ಲೆಕ್ಕ ಇಡುವುದೇ ಕಷ್ಟ. ಮೊಬೈಲ್ ಪರದೆಗೂ ಕಂಪ್ಯೂಟರ್ ಪರದೆಗೂ ಒಂದೇ ಪುಟ ಹೊಂದಿಕೊಳ್ಳುವ ವಿಧಾನಕ್ಕೆ ಈತನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟದ್ದು 2010ರ ಮೇ ತಿಂಗಳಲ್ಲಿ, ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯ ಲೇಖನದಲ್ಲಿ. ಆ ಪತ್ರಿಕೆಯೂ ಝೆಲ್ಡ್‌ಮನ್ ಬೆಳೆಸಿದ್ದೇ. ಇನ್ನು ಕ್ರಿಸ್ ಕಾಯರ್ 2007ರಲ್ಲಿ ಆರಂಭಿಸಿದ ಸಿಎಸ್‌ಎಸ್-ಟ್ರಿಕ್ಸ್‌ನ ಫ್ಲೆಕ್ಸ್‌ಬಾಕ್ಸ್ (ಪುಟದ ಭಾಗಗಳನ್ನು ಸಾಲಾಗಿ ಜೋಡಿಸುವ ವಿಧಾನ) ಪುಟವನ್ನು ಒಮ್ಮೆಯೂ ತೆರೆಯದ ಡೆವಲಪರ್ ನನಗಂತೂ ಸಿಕ್ಕಿಲ್ಲ.

ಆಮೇಲೆ ಟ್ವಿಟರ್ ಬಂತು, ಮೀಡಿಯಂ ಬಂತು, ಬ್ಲಾಗ್‌ಗಳನ್ನೆಲ್ಲ ಒಂದೇ ಕಡೆ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಬರೆಯುವವರು ಚದುರಿದರು. ಉಳಿದುಕೊಂಡವರನ್ನು ಗಮನಿಸಿ. ವೆಬ್ ಡೆವಲಪರ್ ಜೆರೆಮಿ ಕೀತ್ 2001ರಿಂದ ಬರೆಯುತ್ತಲೇ ಇದ್ದಾರೆ. ಜಾಂಗೋ ಎಂಬ ವೆಬ್ ಚೌಕಟ್ಟು ರೂಪಿಸಿದವರಲ್ಲಿ ಒಬ್ಬರಾದ ಸೈಮನ್ ವಿಲಿಸನ್ 2002ರಲ್ಲಿ ಆರಂಭಿಸಿ, ನಡುವೆ ಕೆಲವು ವರ್ಷ ಬಿಟ್ಟರೂ ಮತ್ತೆ ಮರಳಿ ಬರೆಯುತ್ತಿದ್ದಾರೆ. ಇಬ್ಬರೂ ಪ್ರತಿ ಬಾರಿ ಮಹಾಪ್ರಬಂಧ ಬರೆಯಲು ಕೂರುವುದಿಲ್ಲ. ಓದಿದ್ದರ ಒಂದು ಕೊಂಡಿ, ಅದರ ಬಗ್ಗೆ ನಾಲ್ಕು ಸಾಲು ಹಾಕಿದರೂ ಅವರ ಲೆಕ್ಕದಲ್ಲಿ ಅದು ಬರಹವೇ. ವಿಲಿಸನ್ ‘ಇವತ್ತು ಕಲಿತದ್ದು’ ಎಂಬ ಬಗೆಯ ಚಿಕ್ಕ ಟಿಪ್ಪಣಿಗಳಿಗೆಂದೇ ಬೇರೆ ತಾಣ ಇಟ್ಟುಕೊಂಡಿದ್ದಾರೆ.

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಆರಂಭಿಸಿ, ಆದರೆ ‘ರಿಯಾಕ್ಟ್ ಎಂದರೇನು’ ಎಂದು ಬರೆಯಬೇಡಿ. ಅದನ್ನು ಸಾವಿರ ಜನ ಬರೆದಾಗಿದೆ, ಈಗ ಎಐ ಕೂಡ ಬರೆದುಕೊಡುತ್ತದೆ. ಕೆಲಸದಲ್ಲಿ ಇಡೀ ಮಧ್ಯಾಹ್ನ ತಿಂದುಹಾಕಿದ ಒಂದು ತೊಡಕನ್ನು ಬರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ಸುದ್ದಿ ತಾಣವೊಂದರ ಕಾರ್ಡ್, ಅಂದರೆ ಒಂದು ಸುದ್ದಿ ಕಾಣುವ ಚೌಕ. ಶೀರ್ಷಿಕೆಯ ಲೈನ್-ಹೈಟ್ (ಸಾಲಿನ ಎತ್ತರ) 1.2 ಎಂದು ಡಿಸೈನರ್ ಇಂಗ್ಲಿಷ್ ಅಕ್ಷರ ನೋಡಿ ನಿಗದಿ ಮಾಡಿದ್ದಾರೆ, ಎರಡು ಸಾಲು ಮೀರಿದ್ದು ಕಾಣದಿರಲೆಂದು ಓವರ್‌ಫ್ಲೋ ಹಿಡನ್ ಹಾಕಲಾಗಿದೆ. ಅಲ್ಲಿಗೆ ‘ರಾಷ್ಟ್ರೀಯ’ ಎಂಬ ಪದ ಬರುತ್ತದೆ. ಕೊನೆಯ ಸಾಲಿನಲ್ಲಿ ಬಂದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಮೊದಲ ಸಾಲಿನಲ್ಲಿ ಬಂದರೆ ಆ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹೋಗಿ ಕೂರುತ್ತದೆ. ಇಂಗ್ಲಿಷ್ ಪುಟದಲ್ಲಿ ಎಲ್ಲವೂ ಸರಿ ಇರುವುದರಿಂದ ಪರೀಕ್ಷೆ ಮಾಡುವವರ ಕಣ್ಣಿಗೂ ಬೀಳುವುದಿಲ್ಲ. ಪರಿಹಾರ ದೊಡ್ಡದೇನಲ್ಲ. ಪುಟದ ಲ್ಯಾಂಗ್ (ಭಾಷೆ ಯಾವುದೆಂದು ಹೇಳುವ ಗುರುತು) ಕನ್ನಡ ಎಂದಿದ್ದಾಗ ಮಾತ್ರ ಅನ್ವಯವಾಗುವಂತೆ ಲೈನ್-ಹೈಟ್ ಅನ್ನು 1.5ರ ಆಸುಪಾಸಿಗೆ ಏರಿಸಿ, ಕೆಳಗೆ ಸ್ವಲ್ಪ ಪ್ಯಾಡಿಂಗ್ (ಒಳಗಿನ ಅಂತರ) ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫಾಂಟ್ ಬದಲಾದರೆ ಅಂಕಿಯೂ ತುಸು ಬದಲಾಗುತ್ತದೆ. ಇಂಥದ್ದನ್ನು ಎರಡು ಚಿತ್ರ, ನಾಲ್ಕು ಸಾಲು ಕೋಡ್ ಸಮೇತ ಹಾಕಿದರೆ ಕನ್ನಡ ತಾಣ ಮಾಡುವ ಯಾರಿಗಾದರೂ ಒಂದು ದಿನ ಉಳಿಯುತ್ತದೆ. ಆರು ತಿಂಗಳ ನಂತರ ನಿಮಗೂ ಉಳಿಯಬಹುದು, ಏಕೆಂದರೆ ಅಷ್ಟರಲ್ಲಿ ಮರೆತಿರುತ್ತೀರಿ.

ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂದೂ ಕೇಳಿದ್ದೀರಿ. ಎರಡೂ ಸರಿ. ಕನ್ನಡದಲ್ಲಿ ಬರೆದರೂ ದೋಷಸೂಚನೆಯ ಸಾಲನ್ನು ಪರದೆಯಲ್ಲಿ ಬಂದ ಹಾಗೆಯೇ, ಒಂದಕ್ಷರವೂ ಬದಲಿಸದೆ ಹಾಕಿ. ಹುಡುಕುವವರು ಅದನ್ನೇ ನಕಲಿಸಿ ಹುಡುಕುತ್ತಾರೆ. ಸ್ಕ್ರೀನ್‌ಶಾಟ್ ಹಾಕುವಾಗ ಗ್ರಾಹಕರ ಹೆಸರು, ಪಾಸ್‌ವರ್ಡ್, ಎಪಿಐ ಕೀ (ಸೇವೆಯೊಂದನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ) ಉಳಿದಿಲ್ಲವೆಂದು ನೋಡಿಕೊಳ್ಳಿ. ಕಚೇರಿಯ ಕೋಡ್ ಅನ್ನು ಇದ್ದ ಹಾಗೆ ಅಂಟಿಸದೆ, ಅದೇ ತೊಡಕು ಕಾಣುವಂಥ ಪುಟ್ಟ ಮಾದರಿಯನ್ನು ಹೊಸದಾಗಿ ಬರೆಯಿರಿ. ಹಾಗೆ ಬರೆಯುವಾಗಲೇ ಎಷ್ಟೋ ಸಲ ನಿಜವಾದ ಕಾರಣ ಹೊಳೆಯುತ್ತದೆ.

ವೇದಿಕೆ ಯಾವುದೆಂದು ಈ ವಾರವೇ ಆರಿಸಿ, ಮೊದಲೇ ಸಿದ್ಧವಿರುವ ಥೀಮ್ ಹಾಕಿ, ಹತ್ತು ಬರಹ ಆಗುವವರೆಗೆ ಅದರ ಬಣ್ಣ ಮುಟ್ಟಬೇಡಿ. ಸಾಧ್ಯವಾದರೆ ಸ್ವಂತ ಡೊಮೇನ್ ಕೊಳ್ಳಿ, ಹೊಸ ಬರಹ ಓದುಗರಿಗೆ ತಾನಾಗಿ ತಲುಪಲು ಆರ್‌ಎಸ್‌ಎಸ್ ಇಡಿ. ಮುಂದೆ ನೀವೂ ಜಾಗ ಬದಲಿಸುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆಗ ಹಳೆಯ ಬರಹಗಳ ವಿಳಾಸಗಳು ಹೊಸ ತಾಣದಲ್ಲೂ ತೆರೆಯುವಂತೆ ರೀಡೈರೆಕ್ಟ್ ಹಾಕಿಬಿಡಿ.