‘ಮೇ’ ಸಿನಿಮಾ ಅರ್ಧಕ್ಕೆ ನಿಲ್ಲಿಸಬೇಡಿ

‘ಮೇ’ ಅರ್ಧ ಗಂಟೆ ನೋಡಿ ನಿಲ್ಲಿಸಿದೆ, ಹಾರರ್ ಅಂತಾರೆ, ದೆವ್ವಾನೂ ಇಲ್ಲ ಕೊಲೆಯೂ ಇಲ್ಲ, ಮುಂದೆ ನೋಡಬಹುದಾ ಅಂತ ಕೇಳಿದ್ದೀರಿ. ಖಂಡಿತ ನೋಡಿ. ಆದರೆ ನಿಲ್ಲಿಸಿದಲ್ಲಿಂದ ಬೇಡ, ಮೊದಲಿಂದ ನೋಡಿ. ನಾನು ಮೂರು ಸಲ ನೋಡಿದ್ದೇನೆ. ನಿಮಗೆ ಬೋರ್ ಹೊಡೆದ ಆ ಅರ್ಧ ಗಂಟೆಯೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು.

2002ರ ಸಿನಿಮಾ ಇದು. ಲಕ್ಕಿ ಮೆಕೀ ಬರೆದು ನಿರ್ದೇಶಿಸಿದ್ದು, ದೊಡ್ಡ ಬಜೆಟ್ ಏನಿಲ್ಲ. ಕಥಾನಾಯಕಿಯ ಹೆಸರೇ ಮೇ, ಅವಳಿಗೆ ಚಿಕ್ಕಂದಿನಿಂದಲೂ ಮೆಳ್ಳೆಗಣ್ಣು. ಅಮ್ಮ ಅದಕ್ಕೆ ಪಟ್ಟಿ ಕಟ್ಟಿ ಶಾಲೆಗೆ ಕಳಿಸುತ್ತಾಳೆ. ಮಗಳಿಗೆ ಸ್ನೇಹಿತರೇ ಆಗುವುದಿಲ್ಲ. ಆಗ ಅಮ್ಮ ತಾನೇ ಮಾಡಿದ ಗೊಂಬೆಯೊಂದನ್ನು ಹುಟ್ಟುಹಬ್ಬಕ್ಕೆ ಕೊಡುತ್ತಾಳೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು. ಹೊರಗೆ ತೆಗೆಯಬಾರದು, ಮುಟ್ಟಬಾರದು. ಸ್ನೇಹಿತೆ ಅಂತ ಕೊಟ್ಟಿದ್ದನ್ನೇ ಮುಟ್ಟಬೇಡ ಅಂದರೆ ಆ ಮಗು ಏನು ಕಲಿಯುತ್ತೆ ಹೇಳಿ? ಗೊಂಬೆಯ ಹೆಸರು ಸೂಜಿ. ನಮ್ಮ ಕಿವಿಗೆ ಹೊಲಿಯುವ ಸೂಜಿಯೇ ಕೇಳಿಸುತ್ತೆ. ಮೇಗೆ ಹೊಲಿಗೆ ಚೆನ್ನಾಗಿ ಬರುತ್ತೆ, ಕೆಲಸ ಮಾಡುವುದು ಪಶು ಆಸ್ಪತ್ರೆಯಲ್ಲಿ. ಇಷ್ಟು ನೆನಪಿಟ್ಟುಕೊಳ್ಳಿ.

ಈಗ ಅವಳು ಆ್ಯಡಂ ಅನ್ನುವ ಹುಡುಗನನ್ನು ಹೇಗೆ ನೋಡುತ್ತಾಳೆ ಗಮನಿಸಿ. ಮುಖಕ್ಕಿಂತ ಜಾಸ್ತಿ ಕೈ ನೋಡುತ್ತಾಳೆ. ಅವನು ಮೇಜಿನ ಮೇಲೆ ಒರಗಿ ನಿದ್ದೆ ಹೋದಾಗ ಮೆಲ್ಲಗೆ ಹತ್ತಿರ ಬಂದು ಆ ಕೈಗೆ ತನ್ನ ಕೆನ್ನೆ ಒತ್ತುತ್ತಾಳೆ. ಅಷ್ಟೇ ದೃಶ್ಯ. ಮೇ ಪಾತ್ರ ಮಾಡಿರುವ ಆ್ಯಂಜೆಲಾ ಬೆಟಿಸ್ ಮುಖದಲ್ಲಿ ಆಗ ಕಾಣುವ ನೆಮ್ಮದಿ ನೋಡಿ ನನಗೆ ಅಳು ಬಂತು, ಜೊತೆಗೇ ಮೈ ಜುಂ ಅಂತು. ನಾನೂ ಒಂದು ಕಾಲಕ್ಕೆ ತೀರಾ ಒಂಟಿಯಾಗಿದ್ದೆ. ಯಾರೋ ‘ಒಂದ್ಸಲ ಸಿಗೋಣ’ ಅಂದಿದ್ದನ್ನೇ ವಾರಗಟ್ಟಲೆ ಮನಸ್ಸಲ್ಲಿ ತಿರುವಿ ಹಾಕುತ್ತಿದ್ದೆ. ಹಾಗಾಗಿ ಮೇಳನ್ನು ಹುಚ್ಚಿ ಅಂತ ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಮುಂದೆ ಆ್ಯಡಂ ತಾನು ತೆಗೆದ ಕಿರುಚಿತ್ರ ತೋರಿಸುತ್ತಾನೆ. ಪ್ರೇಮಿಗಳಿಬ್ಬರು ಒಬ್ಬರನ್ನೊಬ್ಬರು ತಿನ್ನುವ ಕಥೆ. ಮೇ ಅದನ್ನು ಹಾಗೇ ನಂಬುತ್ತಾಳೆ. ಇವನಿಗೆ ಇದೇ ಇಷ್ಟ ಅಂದುಕೊಂಡು ಮುತ್ತು ಕೊಡುವಾಗ ತುಟಿ ಕಚ್ಚಿ ರಕ್ತ ಬರಿಸುತ್ತಾಳೆ. ಅವನು ಹೆದರಿ ದೂರವಾಗುತ್ತಾನೆ. ‘ವಿಚಿತ್ರ ಅಂದ್ರೆ ನಂಗಿಷ್ಟ’ ಅನ್ನುವವರು ನಿಜವಾದ ವಿಚಿತ್ರ ಎದುರಿಗೆ ಬಂದಾಗ ಹೀಗೇ ಅಲ್ವಾ? ತಪ್ಪು ಅವನದೂ ಅಲ್ಲ, ಯಾರಾದರೂ ಓಡುತ್ತಿದ್ದರು. ಆದರೆ ತಾನು ಮಾಡಿದ್ದರಲ್ಲಿ ತಪ್ಪೇನು ಅಂತ ಅವಳಿಗೆ ಹೇಳಿಕೊಡಲು ಒಬ್ಬರೂ ಇಲ್ಲ.

ಕೊನೆ ಹೇಳುವುದಿಲ್ಲ. ಕೊನೆಯ ಭಾಗದಲ್ಲಿ ರಕ್ತ ಧಾರಾಳವಾಗಿದೆ, ನೀವು ಕೇಳಿದ ಕೊಲೆಗಳೂ ಇವೆ. ಎರಡು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಒಂದು, ಬೆಕ್ಕೊಂದು ಸಾಯುತ್ತೆ. ಇನ್ನೊಂದು, ಅಂಧ ಮಕ್ಕಳ ಶಾಲೆಯಲ್ಲಿ ಆ ಗೊಂಬೆಯ ಗಾಜಿನ ಪೆಟ್ಟಿಗೆ ಒಡೆಯುವ ದೃಶ್ಯ. ಮುಟ್ಟಿ ತಾನೇ ಆ ಮಕ್ಕಳು ನೋಡುವುದು? ಗೊಂಬೆ ಮುಟ್ಟುವ ಆಸೆಯಿಂದ ಗಾಜಿನ ಚೂರುಗಳ ಮೇಲೇ ಅಂಬೆಗಾಲಿಡುತ್ತಾರೆ. ಮೂರನೇ ಸಲವೂ ನಾನು ಅಲ್ಲಿ ಕಣ್ಣು ಮುಚ್ಚಿಕೊಂಡೆ.

ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ನೋಡಿ. ಮೇ ಮನಸ್ಸು ಕೆಡುತ್ತಾ ಹೋದಂತೆ ಆ ಗಾಜಿನ ಪೆಟ್ಟಿಗೆ ಸಣ್ಣಗೆ ಚಟ್ ಚಟ್ ಅಂತ ಬಿರುಕು ಬಿಡುತ್ತೆ. ಟಿವಿ ಸದ್ದಲ್ಲಿ ಅದು ಕಿವಿಗೇ ಬೀಳುವುದಿಲ್ಲ.