ಟೆರೇಸ್ ಮೇಲೆ ಬಜೆ ಬರತ್ತೆ, ಆದ್ರೆ ಕುಂಡದ ಗಿಡ ಅಂದ್ಕೊಂಡು ಬೆಳೆಸ್ಬೇಡಿ

ನೀವು ಕೇಳಿರೋದ್ರಲ್ಲಿ ಮೂರು ಪ್ರಶ್ನೆ ಇದೆ. ಅಂಗಡಿಯಿಂದ ತಂದ ಬಜೆ ಕೊಂಬು ಮಣ್ಣಲ್ಲಿ ಹೂತಿಟ್ಟು ತಿಂಗಳಾದ್ರೂ ಯಾಕೆ ಚಿಗುರ್ತಿಲ್ಲ, ಬೆಂಗಳೂರಲ್ಲಿ ಟೆರೇಸ್ ಮೇಲೆ ಅದು ಬರತ್ತಾ, ಆಮೇಲೆ ಮಗುಗೆ ತೇಯ್ದು ನೆಕ್ಸೋಕೆ ಮನೇಲಿ ಬೆಳೆದ ಬಜೇನೇ ಒಳ್ಳೇದು ಅಂತ ನಿಮ್ಮತ್ತೆ ಹೇಳ್ತಿರೋದು ಸರೀನಾ. ಮೊದಲ ಎರಡಕ್ಕೆ ಖುಷಿಯಾಗಿ ಹೇಳ್ತೀನಿ, ಮೂರನೇದಕ್ಕೆ ನಾನು ಹೇಳೋದು ಕೇಳಿದ್ರೆ ನಿಮ್ಮತ್ತೆಗೆ ಸ್ವಲ್ಪ ಬೇಜಾರಾಗ್ಬೋದು.

ಗ್ರಂಧಿಗೆ ಅಂಗಡೀಲಿ ಸಿಗೋ ಬಜೆ ಚಿಗುರಲ್ಲ, ಎಷ್ಟು ನೀರು ಹಾಕಿದ್ರೂ ಅಷ್ಟೇ. ಅದನ್ನ ಕಿತ್ತು, ನಾರುಬೇರೆಲ್ಲ ತೆಗೆದು, ತುಂಡು ಮಾಡಿ, ಕಡ್ಡಿ ಮುರಿದಂಗೆ ಪಟ್ ಅನ್ನೋವರೆಗೂ ಒಣಗಿಸಿರ್ತಾರೆ, ಅದರಲ್ಲಿ ಜೀವ ಇರಲ್ಲ. ಶುಂಠಿ ಅಂಗಡಿಯಿಂದ ತಂದು ನೆಟ್ರೆ ಬರತ್ತಲ್ಲ ಅಂತೀರಾ, ಹಸಿ ಶುಂಠಿ ಬರತ್ತೆ, ಒಣಶುಂಠಿ ನೆಟ್ರೆ ಬರಲ್ವಲ್ಲ, ಇದೂ ಹಂಗೇ. ನಿಮಗೆ ಬೇಕಾಗಿರೋದು ಎಲೆ ಸಮೇತ ಇರೋ ಹಸಿ ಗಿಡ, ಇಲ್ಲಾಂದ್ರೆ ಕಣ್ಣು ಇರೋ ಹಸಿ ಕೊಂಬಿನ ತುಂಡು. ಔಷಧಿ ಗಿಡ ಮಾರೋ ನರ್ಸರಿಗಳಲ್ಲಿ ಕೇಳಿ, ಇಲ್ಲಾ ತುಮಕೂರು ಜಿಲ್ಲೆ ಕೊರಟಗೆರೆ ಕಡೆ ಯಾರಾದ್ರೂ ಪರಿಚಯ ಇದ್ರೆ ಇನ್ನೂ ಸುಲಭ, ಅಲ್ಲಿ ಬಜೇನ ಗದ್ದೆ ಬೆಳೆಯಾಗೇ ಬೆಳೀತಾರೆ. ಹಸಿರಾಗಿ ಭತ್ತದ ಥರಾನೇ ನಿಂತಿರತ್ತೆ, ಗೊತ್ತಿಲ್ದೋರು ಯಾವ್ದೋ ಎತ್ತರದ ಹುಲ್ಲು ಅಂದ್ಕೊಂಡು ಮುಂದೆ ಹೋಗ್ಬಿಡ್ತಾರೆ.

ತಗೊಳ್ಳೋವಾಗ ಒಂದು ಎಲೆ ಹರಿದು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಬಜೆ ಆಗಿದ್ರೆ ಎಲೆಯಲ್ಲೇ ಆ ವಾಸನೆ ಇರತ್ತೆ. ಕೆರೆ ಅಂಚಲ್ಲಿ ಬೆಳೆಯೋ ಆಪಿನ ಹುಲ್ಲು, ಪಾರ್ಕಲ್ಲಿ ಹಾಕೋ ಐರಿಸ್ ಇವೆಲ್ಲ ದೂರದಿಂದ ಬಜೆ ಥರಾನೇ ಕಾಣ್ತವೆ, ಆದ್ರೆ ಅವುಗಳ ಎಲೇಲಿ ಆ ಘಾಟು ಇರಲ್ಲ. ಇನ್ನೊಂದು ಗುರುತು, ಬಜೆ ಎಲೆ ಕತ್ತಿ ಥರ ಇದ್ದು ಮಧ್ಯದ ನರ ಎದ್ದು ಕಾಣತ್ತೆ, ಅದೂ ಸರಿಯಾಗಿ ಮಧ್ಯಕ್ಕಿರಲ್ಲ, ಸ್ವಲ್ಪ ಒಂದು ಪಕ್ಕಕ್ಕೆ ಸರಿದಿರತ್ತೆ. ಬುಡ ತಿಳಿ ಗುಲಾಬಿ.

ಈಗ ಬೆಳೆಸೋದು. ಬಜೆ ಕೆಡೋದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ, ನಾವು ಅದನ್ನ ತುಳಸಿ, ಕರಿಬೇವು ನೋಡ್ಕೊಂಡಂಗೆ ನೋಡ್ಕೊಳ್ಳೋದು. ತಳದಲ್ಲಿ ತೂತು, ಒಳಗೆ ಕೋಕೋಪೀಟು, ನೀರು ಬಸಿದು ಹೋಗ್ಬೇಕು, ಮಣ್ಣು ಒಣಗಿದ ಮೇಲೆ ನೀರು ಹಾಕ್ಬೇಕು, ಈ ಯೂಟ್ಯೂಬ್ ಪಾಠ ಎಲ್ಲಾ ಇದಕ್ಕೆ ಉಲ್ಟಾ. ಇದು ಜೌಗು ನೆಲದ ಗಿಡ, ಕೆಸರಲ್ಲೇ ಹುಟ್ಟಿ ಕೆಸರಲ್ಲೇ ಹರಡೋದು. ಹಾಗಾಗಿ ಮನೇಲಿ ಮೂಲೆಗೆ ಬಿದ್ದಿರೋ ಅಗಲದ ಟಬ್ಬೋ ಹಳೇ ಸಿಂಕೋ ತಗೊಳ್ಳಿ, ತೂತಿದ್ರೆ ಮುಚ್ಚಿ. ಆಳ ಒಂದಡಿ ಸಾಕು, ಅಗಲ ಮಾತ್ರ ಜಾಸ್ತಿ ಇರ್ಲಿ, ಯಾಕಂದ್ರೆ ಕೊಂಬು ಕೆಳಕ್ಕೆ ಇಳಿಯಲ್ಲ, ಮೇಲ್ಮೈಗೆ ಹತ್ತಿರಾನೇ ಅಡ್ಡಡ್ಡ ತೆವಳ್ಕೊಂಡು ಹೋಗತ್ತೆ. ಮಣ್ಣು ಜಿಗುಟಾಗಿರ್ಬೇಕು. ಕೆರೆಗೋಡು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಇಲ್ಲಾಂದ್ರೆ ಗದ್ದೆ ಮಣ್ಣಿಗೆ ಕಾಲು ಭಾಗ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕೋಕೋಪೀಟ್ ದಯವಿಟ್ಟು ಬೇಡ, ನೀರು ನಿಲ್ಲಿಸಿದ್ ತಕ್ಷಣ ಎಲ್ಲಾ ಮೇಲೆ ತೇಲ್ತಾ ಕೂತ್ಕೊಳತ್ತೆ.

ನೆಡೋಕೆ ಒಳ್ಳೇ ಟೈಮ್ ಜೂನ್ ಜುಲೈ, ಮಳೆ ಹಿಡಿದ ಮೇಲೆ. ಕೊಂಬಿನ ತುಂಡನ್ನ ಅಡ್ಡಡ್ಡ ಮಲಗಿಸಿ, ಎರಡು ಇಂಚು ಒಳಗೆ ಇದ್ರೆ ಸಾಕು, ಮೇಲ್ಭಾಗ ಸ್ವಲ್ಪ ಕಂಡ್ರೂ ಪರ್ವಾಗಿಲ್ಲ. ಹೊಲದಲ್ಲಾದ್ರೆ ಗಿಡದಿಂದ ಗಿಡಕ್ಕೆ ಒಂದಡಿ ಬಿಡ್ತಾರೆ, ಟಬ್ಬಲ್ಲಿ ಎರಡೋ ಮೂರೋ ತುಂಡು ಹಾಕಿ ಬಿಡಿ, ಅವೇ ಜಾಗ ಹುಡ್ಕೊಳ್ತವೆ. ಮೊದಲು ಮಣ್ಣು ಕೆಸರಾಗಿರೋಷ್ಟು ನೀರು, ಚಿಗುರು ಎತ್ತರ ಆದ್ಮೇಲೆ ಬೇಕಾದ್ರೆ ಎರಡಿಂಚು ನೀರು ನಿಲ್ಲಿಸ್ಬೋದು. ಬಿಸಿಲು ಚೆನ್ನಾಗಿ ಬೀಳೋ ಕಡೆ ಇಡಿ, ಮಾರ್ಚ್ ಏಪ್ರಿಲಲ್ಲಿ ಎಲೆ ತುದಿ ಕಂದಾಗತ್ತೆ, ಅದಕ್ಕೆ ಹೆದರ್ಬೇಡಿ, ನೀರು ತಪ್ಪಿಸ್ದೇ ಇದ್ರೆ ಸಾಕು. ಊರಿಗೆ ಹೋಗ್ಬೇಕು ನಾಲ್ಕು ದಿನ ಅಂದ್ರೆ ಬೇರೆ ಗಿಡಗಳ ಬಗ್ಗೆ ಚಿಂತೆ ಮಾಡಿ, ಇದಕ್ಕೆ ಟಬ್ ತುಂಬ ನೀರು ತುಂಬಿಸಿ ಹೊರಡಿ.

ಸೊಳ್ಳೆ ವಿಷಯ ಕೇಳೇ ಕೇಳ್ತೀರ. ಬಜೆ ವಾಸನೆಗೆ ಹೆಚ್ಚಿನ ಹುಳ ಬರಲ್ಲ ನಿಜ, ಹಂಗಂತ ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡಲ್ಲ ಅಂತಲ್ಲ, ಖಂಡಿತ ಇಡತ್ತೆ, ಅದ್ರಲ್ಲೂ ಡೆಂಗ್ಯೂ ಸೊಳ್ಳೆಗೆ ಇಂಥ ಜಾಗ ಅಂದ್ರೆ ಹಬ್ಬ. ಅದಕ್ಕೇ ಟೆರೇಸಲ್ಲಿ ನಾನು ನೀರು ನಿಲ್ಸೋದೇ ಇಲ್ಲ, ಮಣ್ಣು ಗಸಿಗಸಿ ಅನ್ನೋ ಹಂಗೆ ಇಡ್ತೀನಿ, ಗಿಡ ಸ್ವಲ್ಪ ಗಿಡ್ಡ ಇರತ್ತೆ ಅಷ್ಟೇ. ನೀರು ನಿಲ್ಲಿಸ್ಲೇಬೇಕು ಅಂದ್ರೆ ಗಪ್ಪಿ ಮೀನು ಬಿಡಿ. ಹೂವು ನೋಡ್ಬೇಕು ಅನ್ನೋರಿಗೆ ಮಾತ್ರ ನೀರು ಬೇಕು, ನೀರಲ್ಲಿ ನಿಂತ ಗಿಡ ಮಾತ್ರಾನೇ ಹೂ ಬಿಡೋದು, ಆ ಹೂವೂ ಏನ್ ಮಹಾ ಅಲ್ಲ, ಎಲೆ ಪಕ್ಕದಿಂದ ಬೆರಳುದ್ದದ ಹಸಿರು ಹಿಪ್ಪಲಿ ಥರದ್ದು ಓರೆಯಾಗಿ ಚಾಚ್ಕೊಂಡಿರತ್ತೆ.

ರೋಗ ಕಮ್ಮಿ. ಬಿಳಿ ಹಿಟ್ಟು ತಿಗಣೆ ಮಾತ್ರ ಎಲೆ ಬುಡಕ್ಕೂ ಬೇರಿಗೂ ಹತ್ತತ್ತೆ, ಹತ್ತಿರೋ ಎಲೆ ಕಿತ್ತಾಕಿ ಬೇವಿನೆಣ್ಣೆ ಸೋಪುನೀರು ಹೊಡೀರಿ. ಇನ್ನೊಂದು ಮಾತು, ಕೆಲವರು ಬಾತ್‌ರೂಮ್ ನೀರು, ಪಾತ್ರೆ ತೊಳೆದ ನೀರು ಶುದ್ಧ ಮಾಡೋಕೆ ಇದನ್ನ ಹಾಕ್ತಾರೆ, ಒಳ್ಳೇ ಐಡಿಯಾನೇ, ಕೊಳಕು ನೀರಲ್ಲಿರೋ ಸಾರಜನಕ ರಂಜಕ ಎಲ್ಲ ಚೆನ್ನಾಗಿ ಹೀರತ್ತೆ. ಆದ್ರೆ ಅಂಥ ಕಡೆ ಬೆಳೆದ ಕೊಂಬನ್ನ ಮೈಗೆ, ತಲೆಗೆ, ಯಾವುದಕ್ಕೂ ಬಳಸ್ಬೇಡಿ, ಒಳ್ಳೇದನ್ನ ಹೀರಿದಂಗೇ ಕೆಟ್ಟದ್ದನ್ನೂ ಹೀರಿರತ್ತೆ.

ಎಂಟು ತಿಂಗಳಿಂದ ಒಂದು ವರ್ಷದೊಳಗೆ ಕೆಳಗಿನ ಎಲೆ ಹಳದಿಯಾಗಿ ಒಣಗೋಕೆ ಶುರು ಆಗತ್ತೆ, ಆವಾಗ ನೀರು ಕಮ್ಮಿ ಮಾಡಿ, ಮಣ್ಣು ಸ್ವಲ್ಪ ಆರಿದ್ಮೇಲೆ ಕೀಳಿ. ತುದಿಯ ಚಿಗುರಿರೋ ತುಂಡುಗಳನ್ನ ಅವತ್ತೇ ವಾಪಸ್ ನೆಟ್ಬಿಡಿ. ಉಳಿದದ್ದನ್ನ ತೊಳೆದು, ನಾರುಬೇರು ಕಿತ್ತು, ಬೆರಳುದ್ದ ಕತ್ತರಿಸಿ ನೆರಳಲ್ಲಿ ಒಣಗಿಸಿ. ಸುಡುಬಿಸಿಲಿಗೆ ಹಾಕಿದ್ರೆ ಬೇಗ ಒಣಗತ್ತೆ ಆದ್ರೆ ಎಣ್ಣೆ ಹಾರಿ ಹೋಗತ್ತೆ, ಬಜೇಲಿ ಇರೋ ಗುಣ ಎಲ್ಲಾ ಆ ಎಣ್ಣೇಲೇ ಇರೋದು.

ಇನ್ನು ಮಗು ವಿಷಯ. ನಮ್ಮಲ್ಲಿ ಯಾರ ಮನೇಲಿ ಬಜೆ ತೇಯ್ದಿಲ್ಲ ಹೇಳಿ. ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ ಜೊತೆ ಸಾಣೆಕಲ್ಲಿನ ಮೇಲೆ ಎದೆಹಾಲಲ್ಲಿ ಎರಡು ಸುತ್ತು ತೇಯ್ದು ನಾಲಿಗೆಗೆ ಹಚ್ಚೋದು, ಹೊಟ್ಟೆನೋವಿಗೆ, ಮಾತು ಬೇಗ ಬರ್ಲಿ ಅಂತ. ನಿಮ್ಮತ್ತೆ ಪ್ರೀತಿಯಿಂದಾನೇ ಹೇಳ್ತಿದಾರೆ. ಆದ್ರೂ ನಾನು ಬೇಡ ಅಂತೀನಿ. ಬಜೆ ಎಣ್ಣೇಲಿ ಬೀಟಾ ಅಸರೋನ್ ಅಂತ ಒಂದು ರಾಸಾಯನಿಕ ಇದೆ. ಜಮ್ಮು ಕಡೆಯ ಬಜೆ ಎಣ್ಣೇನ ಇಲಿಗಳಿಗೆ ತುಂಬಾ ದಿನ ತಿನ್ನಿಸಿ ನೋಡಿದಾಗ ಕರುಳಲ್ಲಿ ಗೆಡ್ಡೆ ಬಂತು, ಅದಾದ್ಮೇಲೆ 1968ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಹಾರದಲ್ಲಿ ಬಜೆ ಬಳಸೋದನ್ನೇ ನಿಷೇಧ ಮಾಡ್ತು. ಯುರೋಪ್ ಬಜೇಲಿ ಈ ಅಂಶ ಕಮ್ಮಿ, ಉತ್ತರ ಅಮೆರಿಕದ ಜಾತೀಲಿ ಇಲ್ವೇ ಇಲ್ಲ ಅನ್ಬೋದು, ಜಾಸ್ತಿ ಇರೋದು ನಮ್ಮ ಏಷ್ಯಾದ ಬಜೇಲೇ. ಹಾಗಾಗಿ ಮನೇಲಿ ಬೆಳೆದದ್ದು, ಆರ್ಗ್ಯಾನಿಕ್ಕು ಅಂದ್ರೂ ಏನೂ ಬದಲಾಗಲ್ಲ, ಅದು ಗೊಬ್ಬರದಿಂದ ಬರೋದಲ್ಲ, ಗಿಡದ್ದೇ ಗುಣ. ಇಲಿಗೆ ಕೊಟ್ಟ ಪ್ರಮಾಣ ಬೇರೆ, ಎರಡು ಸುತ್ತು ತೇಯೋದು ಬೇರೆ, ಒಪ್ತೀನಿ. ಆದ್ರೆ ಪ್ರಮಾಣ ಜಾಸ್ತಿ ಆದ್ರೆ ವಾಂತಿ ಮಾಡ್ಸೋ ಗುಣಾನೂ ಇದಕ್ಕಿದೆ, ಆಯುರ್ವೇದದಲ್ಲೂ ವಾಂತಿ ಮಾಡ್ಸೋ ದ್ರವ್ಯ ಅಂತ ಹೇಳಿದೆ, ಗೋಮೂತ್ರದಲ್ಲಿ ಬೇಯಿಸಿ ಶುದ್ಧಿ ಮಾಡಿ ಬಳಸೋ ಕ್ರಮಾನೂ ಇದೆ. ಅಂಥದ್ದನ್ನ ನಾವು ಶುದ್ಧಿ ಮಾಡ್ದೇನೇ ಕಲ್ಲಲ್ಲಿ ಅಂದಾಜಿಗೆ ತೇಯ್ತೀವಿ. ಆರು ತಿಂಗಳವರೆಗೂ ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಡಬ್ಲ್ಯೂಎಚ್‌ಓ ಹೇಳತ್ತೆ. ಕೈಗೆ ಬಜೆ ಮಣಿ ಸರ ಕಟ್ಟೋದೂ ಅಷ್ಟೇ, ಮಗು ಬಾಯಿಗೆ ಇಟ್ಕೊಳತ್ತೆ, ದಾರ ಹರಿದು ಮಣಿ ಗಂಟಲಿಗೆ ಹೋದ್ರೆ ಕಷ್ಟ. ಶಾಸ್ತ್ರಕ್ಕೆ ಬೇಕೇ ಬೇಕು ಅಂದ್ರೆ ತೊಟ್ಟಿಲ ಹಗ್ಗಕ್ಕೆ, ಮಗು ಕೈಗೆ ಎಟುಕದಂಗೆ ಕಟ್ಟಿ, ಅತ್ತೆಗೂ ಸಮಾಧಾನ. ಹೊಟ್ಟೆನೋವು ಅಂತ ಮಗು ತುಂಬಾ ಅತ್ರೆ ಮಕ್ಕಳ ಡಾಕ್ಟರ್ ಹತ್ರ ತೋರಿಸಿ. ಹೇಗೂ ನೀವು ಈಗ ನೆಟ್ಟ ಗಿಡ ಕೊಂಬು ಬಿಡೋ ಹೊತ್ತಿಗೆ ಮಗು ಅನ್ನ ಸಾರು ಕಲೆಸ್ಕೊಂಡು ತಿಂತಿರತ್ತೆ.

ಹಾಗಾದ್ರೆ ಯಾಕೆ ಬೆಳೆಸ್ಬೇಕು ಅಂದ್ರೆ, ನನ್ನ ಕೇಳಿದ್ರೆ ಹುಳಕ್ಕೆ. ಆ ಬೀಟಾ ಅಸರೋನೇ ಹುಳಗಳಿಗೆ ಶತ್ರು, ಕೆಲವು ಜಾತಿ ಹುಳಗಳಿಗೆ ಸಂತಾನಾನೇ ಆಗದಂಗೆ ಮಾಡತ್ತೆ. ಬಿತ್ತನೆಗೆ ಎತ್ತಿಟ್ಟ ಅವರೆ, ಅಲಸಂದೆ, ಹೆಸರುಕಾಳಿಗೆ ಕೇಜಿಗೆ ಹತ್ತು ಗ್ರಾಂ ಬಜೆ ಪುಡಿ ಬೆರೆಸಿ ಡಬ್ಬ ಮುಚ್ಚಿಡಿ, ತೂತು ಬೀಳೋದು ನಿಲ್ಲತ್ತೆ. ತಿನ್ನೋ ಕಾಳಿಗೆ ಪುಡಿ ಬೇಡ, ಬೇಕಾದ್ರೆ ಬೇವಿನ ಸೊಪ್ಪು ಹಾಕಿ. ರೇಷ್ಮೆ ಸೀರೆ ಬೀರುಗೆ, ಪುಸ್ತಕದ ಕಪಾಟಿಗೆ ತುಂಡುಗಳನ್ನ ಬಟ್ಟೇಲಿ ಕಟ್ಟಿ ಮೂಲೇಲಿಟ್ರೆ ನುಸಿಗುಳಿಗೆಯ ಆ ಕೆಟ್ಟ ವಾಸನೆ ಇಲ್ದೇ ಕೆಲಸ ಆಗತ್ತೆ, ವರ್ಷಕ್ಕೊಂದ್ಸಲ ತುಂಡು ಬದಲಾಯಿಸಿ ಅಥವಾ ಮುರಿದು ಹೊಸ ಮುಖ ಮಾಡಿ. ಸೀಗೆಪುಡಿಗೆ ಸ್ವಲ್ಪ ಸೇರಿಸ್ಕೊಳ್ಳೋರೂ ಇದಾರೆ. ಕೊರಿಯಾದಲ್ಲಂತೂ ದಾನೋ ಅಂತ ಒಂದು ಹಬ್ಬ, ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ, ಆವತ್ತು ಹೆಂಗಸರು ಬಜೆ ಎಲೆ ಕುದಿಸಿದ ನೀರಲ್ಲಿ ತಲೆ ತೊಳ್ಕೊಳ್ಳೋ ಪದ್ಧತಿ. ನೀವೂ ಕೊಂಬು ಬರೋವರೆಗೂ ಕಾಯೋದೇನಿಲ್ಲ, ಎಲೆ ಜಾಸ್ತಿ ಆದಾಗ ನಾಲ್ಕು ಕತ್ತರಿಸಿ ಕುದಿಸಿ ಆರಿಸಿ ನೋಡಿ, ನೀರು ಕಣ್ಣಿಗೆ ಹೋಗದಂಗೆ ನೋಡ್ಕೊಳ್ಳಿ, ಮೊದಲು ಕೈಗೆ ಸ್ವಲ್ಪ ಹಚ್ಚಿ ಉರಿ ತುರಿಕೆ ಇಲ್ಲ ಅಂತ ಗೊತ್ತಾದ್ಮೇಲೆ ತಲೆಗೆ. ಬಸುರಿ ಬಾಣಂತಿಯರು ಇದ್ಯಾವ್ದೂ ಹೊಟ್ಟೆಗೆ ತಗೊಳ್ಳೋದು ಬೇಡ.

ಸದ್ಯಕ್ಕೆ ಆ ಕುಂಡದಲ್ಲಿ ಹೂತಿರೋ ಒಣಕೊಂಬು ತೆಗೆದು ತೊಳೆದು ಒಣಗಿಸಿ ಸೀರೆ ಬೀರುಗೆ ಹಾಕಿ, ಕೊಳೆತಿದ್ರೆ ಬಿಸಾಕಿ. ಗಿಡ ಸಿಕ್ಕಿದ್ಮೇಲೆ ಫೋಟೋ ಹಾಕಿ, ಬಜೆ ಹೌದೋ ಅಲ್ವೋ ನೋಡಿ ಹೇಳ್ತೀನಿ, ಎಲೆಯ ಮಧ್ಯದ ನರ ಕಾಣೋ ಹಂಗೆ ಹತ್ತಿರದಿಂದ ತೆಗೀರಿ.