ಆ ಪೆನ್ಸಿಲ್ ಗೀಟು ಅಳಿಸಬೇಡಿ

ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲಿ ಕೆಲಸದಲ್ಲಿರುವ ನಮ್ಮ ಓದುಗರೊಬ್ಬರು ಬರೆದಿದ್ದಾರೆ:

‘ದಾನಕ್ಕೆ ಬಂದ ಹಳೇ ಸಾಮಾನು ಮಾರುವ ಇಲ್ಲಿನ ಚಾರಿಟಿ ಅಂಗಡಿಯಲ್ಲಿ ಎರಡು ತೆಳು ಪುಸ್ತಕ ಕೊಂಡೆ. ಎರಡೂ ಇದೇ ಸೀಮೆಯ ಒಂದು ಸಣ್ಣ ಪ್ರಕಾಶನದ್ದು. ಒಂದು ಹತ್ತಿರದ ಗಣಿ ಊರಿನ ಚರಿತ್ರೆ, ಇನ್ನೊಂದು ಅದೇ ಊರಿನವರ ಕವಿತೆ. ನಡುವೆ ಎರಡು ಪಿನ್ನು, ಅದೇ ಬೈಂಡಿಂಗು. ಚರಿತ್ರೆಯಲ್ಲಿ ಬರೀ ಬೀದಿ, ಅಂಗಡಿ, ಸತ್ತವರ ಹೆಸರು. ಕವಿತೆಯ ಅರ್ಧ ಪದಗಳು ನನ್ನ ಡಿಕ್ಷನರಿಯಲ್ಲೇ ಇಲ್ಲ. ಸಾಲದ್ದಕ್ಕೆ ಒಂದು ಫೋಟೋದ ಕೆಳಗಿನ ಹೆಸರನ್ನು ಯಾರೋ ಪೆನ್ಸಿಲಿನಲ್ಲಿ ಹೊಡೆದು, ಪಕ್ಕದಲ್ಲಿ ಬೇರೆ ಹೆಸರು ಗೀಚಿ ಹಾಳು ಮಾಡಿದ್ದಾರೆ. ಇಂಥವನ್ನು ಯಾರಿಗೆ ಅಂತ ಅಚ್ಚು ಹಾಕುತ್ತಾರೆ? ಸತ್ವ ಇದ್ದಿದ್ದರೆ ಲಂಡನ್ನಿನ ದೊಡ್ಡ ಪ್ರಕಾಶಕರೇ ತರುತ್ತಿದ್ದರು, ಅಲ್ವಾ?’

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಕಣ್ಣು ನಿಂತಿದ್ದು ‘ಹಾಳು ಮಾಡಿದ್ದಾರೆ’ ಎಂಬ ಮಾತಿನ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನೀವು ಹೇಳಿದ್ದರಲ್ಲಿ ಒಪ್ಪತಕ್ಕದ್ದನ್ನು ಒಪ್ಪುತ್ತೇನೆ. ಊರಿನ ಚರಿತ್ರೆ ಎಂದು ಬರುವ ಪುಸ್ತಕಗಳಲ್ಲಿ ಜೊಳ್ಳು ಜಾಸ್ತಿ. ಊರ ಪ್ರಮುಖರ ಹೊಗಳಿಕೆಯಲ್ಲೇ ಅರ್ಧದಷ್ಟು ಪುಟಗಳು ತುಂಬಿರುತ್ತವೆ. ಕವಿತೆಗಳಲ್ಲಿ ಪ್ರಾಸಕ್ಕಾಗಿ ಪ್ರಾಸ. ದೊಡ್ಡ ಪ್ರಕಾಶಕರಲ್ಲಿ ಒಳ್ಳೆಯ ಸಂಪಾದಕರಿದ್ದಾರೆ, ಒಳ್ಳೆಯ ಕಾಗದವಿದೆ. ಇದೆಲ್ಲ ನಿಜ.

ಆದರೆ ‘ಸತ್ವ ಇದ್ದಿದ್ದರೆ ಲಂಡನ್ನು ತರುತ್ತಿತ್ತು’ ಎಂಬುದು ನಿಜವಲ್ಲ. ಅದನ್ನು ನಿಮ್ಮ ಮನೆಗೆ ತೀರಾ ಹತ್ತಿರದ ಊರಿನಿಂದಲೇ ಹೇಳುತ್ತೇನೆ.

ಸಂಡರ್‌ಲೆಂಡಿನಿಂದ ಕಡಲ ದಂಡೆ ಹಿಡಿದು ತೆಂಕಣಕ್ಕೆ ಹೋದರೆ ಸೀಹ್ಯಾಮ್ ಸಿಗುತ್ತದೆ. ಸಾಹಿತ್ಯ ಓದಿದವರು ಆ ಹೆಸರು ಕೇಳಿರುವುದು ಇಂಗ್ಲಿಷ್ ಕವಿ ಬೈರನ್‌ನಿಂದ. 1815ರ ಜನವರಿಯಲ್ಲಿ ಅವನ ಮದುವೆ ಅಲ್ಲಿನ ಬಂಗಲೆಯಲ್ಲಿ ಆಯಿತು. ಲಂಡನ್ನಿನ ಪುಸ್ತಕಗಳಿಗೆ ಆ ಊರಿನಿಂದ ಬೇಕಾಗಿದ್ದು ಹೆಚ್ಚುಕಮ್ಮಿ ಅಷ್ಟೇ. ನನಗೆ ಬೇಕಾದದ್ದು ಬೇರೆ. 1880ರ ಸೆಪ್ಟೆಂಬರ್ 8ರ ನಸುಕಿನಲ್ಲಿ, ಎರಡು ಗಂಟೆ ದಾಟಿದ ಹೊತ್ತಿಗೆ, ಸೀಹ್ಯಾಮ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಯಿತು. 160ಕ್ಕೂ ಹೆಚ್ಚು ಜನ ಸತ್ತರು. ಎಲ್ಲರೂ ಆ ಕ್ಷಣಕ್ಕೇ ಸಾಯಲಿಲ್ಲ. ಒಳಗೆ ಸಿಕ್ಕಿಕೊಂಡ ಕೆಲವರು ಗಂಟೆಗಟ್ಟಲೆ ಬದುಕಿದ್ದರು. ಅವರಲ್ಲಿ ಒಬ್ಬ ಮೈಕೆಲ್ ಸ್ಮಿತ್. ಅವನ ಹತ್ತಿರ ಕಾಗದ ಇರಲಿಲ್ಲ. ಕುಡಿಯುವ ನೀರಿನ ತಗಡಿನ ಬಾಟಲಿ ಇತ್ತು. ಅದರ ಮೈಮೇಲೆ ಹೆಂಡತಿ ಮಾರ್ಗರೆಟ್‌ಗೆ ಓಲೆ ಕೆತ್ತಿದ.

ಬೆಳಿಗ್ಗೆ ಏಳಕ್ಕೆ ನಾವು ನಲವತ್ತು ಜನ ಇದ್ದೆವು, ಕೆಲವರು ದೇವರ ಹಾಡು ಹೇಳುತ್ತಿದ್ದರು, ನನ್ನ ಮನಸ್ಸು ಮಾತ್ರ ನಮ್ಮ ಪುಟ್ಟ ಮೈಕೆಲ್ ಮೇಲೇ ಇತ್ತು ಎಂದು ಅದರಲ್ಲಿದೆ. ಮಗು ಮನೆಯಲ್ಲಿ ಕಾಯಿಲೆ ಬಿದ್ದಿತ್ತು. ತಾನೂ ಮಗುವೂ ಒಟ್ಟಿಗೇ ಸ್ವರ್ಗದಲ್ಲಿ ಸೇರುತ್ತೇವೆ ಎಂದು ಅಪ್ಪ ಕತ್ತಲಲ್ಲಿ ಕೂತು ತಗಡಿನ ಮೇಲೆ ಬರೆದ. ಮಗುವೂ ಅದೇ ದಿನ ತೀರಿಕೊಂಡಿತು ಎಂದು ಊರು ಇವತ್ತಿಗೂ ಹೇಳುತ್ತದೆ.

ಈಗ ಆ ಓಲೆಯ ಇಂಗ್ಲಿಷನ್ನು ಸ್ವಲ್ಪ ನೋಡಿ. ‘ನಲವತ್ತು ಜನ ಇದ್ದೆವು’ ಎನ್ನುವಲ್ಲಿ ಅವನು ‘ವರ್’ ಎನ್ನುವುದಿಲ್ಲ, ‘ವಾಸ್’ ಎನ್ನುತ್ತಾನೆ. ಮಕ್ಕಳಿಗೆ ಪ್ರಾರ್ಥನೆ ಕಲಿಸು ಎನ್ನುವಲ್ಲಿ ‘ಟೀಚ್’ ಇಲ್ಲ, ‘ಲರ್ನ್’ ಇದೆ. ಶಾಲೆಯ ಮೇಷ್ಟ್ರು ನೋಡಿದರೆ ಎರಡಕ್ಕೂ ಕೆಂಪು ಗೆರೆ ಎಳೆಯುತ್ತಾರೆ. ಆ ಊರಿನಲ್ಲಿ ಮಾತ್ರ ಜನ ಮಾತಾಡುವುದೇ ಹಾಗೆ. ದೂರದ ಊರಿನ ಸಂಪಾದಕ ಆ ಎರಡು ಪದ ತಿದ್ದಿಬಿಟ್ಟರೆ ಓಲೆಯಲ್ಲಿ ಸುದ್ದಿ ಉಳಿಯುತ್ತದೆ, ಮೈಕೆಲ್ ಸ್ಮಿತ್ ಹೋಗಿಬಿಡುತ್ತಾನೆ. ಪಕ್ಕದ ಬೀದಿಯಲ್ಲಿ ಅಚ್ಚು ಹಾಕುವವನು ಅದನ್ನು ಮುಟ್ಟುವುದಿಲ್ಲ, ಯಾಕೆಂದರೆ ಅವನ ಅಜ್ಜಿ ಹಾಗೇ ಮಾತಾಡುತ್ತಿದ್ದಳು.

ಒಂದೇ ಪ್ರಕಾಶನ ಚರಿತ್ರೆಯನ್ನೂ ಕವಿತೆಯನ್ನೂ ಯಾಕೆ ತರುತ್ತದೆ ಎಂಬ ಗೊಂದಲ ನಿಮ್ಮ ಪತ್ರದಲ್ಲಿದೆ. ಆ ಬಾಟಲಿ ಚರಿತ್ರೆಯೋ ಕವಿತೆಯೋ ನೀವೇ ಹೇಳಿ.

ಈ ಎರಡನ್ನೂ ಒಂದೇ ಮೇಜಿನ ಮೇಲೆ ಮಾಡಿದ ಒಬ್ಬ ಮನುಷ್ಯನನ್ನು ನಿಮಗೆ ಪರಿಚಯ ಮಾಡಿಸಲೇಬೇಕು. ಬಿಲ್ ಗ್ರಿಫಿತ್ಸ್. 1948ರಲ್ಲಿ ಹುಟ್ಟಿದವರು. ಹರೆಯದಲ್ಲಿ ಮೋಟಾರ್‌ಬೈಕ್ ಗುಂಪಿನ ಜೊತೆ ತಿರುಗಿದವರು. ಆಮೇಲೆ ಲಂಡನ್ನಿನಲ್ಲಿ ಕವಿ, ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಕೊಳ್ಳುವ ಕವಿ. ಅದರ ನಡುವೆ ಕಿಂಗ್ಸ್ ಕಾಲೇಜಿನಿಂದ ಹಳೆಯ ಇಂಗ್ಲಿಷಿನಲ್ಲಿ ಡಾಕ್ಟರೇಟ್. ಇಷ್ಟು ಓದಿದವರು ಯೂನಿವರ್ಸಿಟಿ ಊರಿನಲ್ಲಿ ಮನೆ ಮಾಡಬೇಕಿತ್ತು. ಅವರು ಹೋಗಿ ನೆಲೆಸಿದ್ದು ಸೀಹ್ಯಾಮಿನಲ್ಲಿ. ಅಲ್ಲಿ ‘ಆಮ್ರಾ ಇಂಪ್ರಿಂಟ್’ ಎಂಬ ಪುಟ್ಟ ಪ್ರಕಾಶನ ನಡೆಸಿದರು. ಅವರ ಬರವಣಿಗೆಯಲ್ಲಿ ಕವಿತೆಯೂ ಇತ್ತು, ಊರಿನ ಚರಿತ್ರೆಯೂ ಇತ್ತು, ಊರಿನ ಮಾತೂ ಇತ್ತು. ಅವರು ಅಲ್ಲಿದ್ದ ಕಾಲಕ್ಕೇ ಗಣಿಗಳು ಒಂದೊಂದಾಗಿ ಮುಚ್ಚಿದವು. 1993ಕ್ಕೆ ಸೀಹ್ಯಾಮಿನ ಕೊನೆಯ ಗಣಿಯೂ ನಿಂತಿತು. ಗಣಿ ನಿಂತರೆ ಗಣಿಯ ಮಾತೂ ನಿಲ್ಲುತ್ತದೆ ಎಂದು ಗೊತ್ತಿದ್ದವರು ಅವರು. ಊರವರ ಬಾಯಿಂದ, ಹಳೇ ಪದಪಟ್ಟಿಗಳಿಂದ ಪದ ಹೆಕ್ಕಿದರು. 2004ರಲ್ಲಿ ಈಶಾನ್ಯ ಇಂಗ್ಲೆಂಡಿನ ಆಡುಮಾತಿಗೆ ಅವರ ನಿಘಂಟು ಬಂತು, 2007ರಲ್ಲಿ ಗಣಿಯವರ ಮಾತಿನ ಮೇಲೇ ಇನ್ನೊಂದು ಪುಸ್ತಕ. ಅದೇ ವರ್ಷ ತೀರಿಕೊಂಡರು.

ನಿಮ್ಮ ಡಿಕ್ಷನರಿಯಲ್ಲಿ ಇಲ್ಲ ಎಂದಿರಲ್ಲ, ಆ ಕಡೆಯ ಪದಗಳು ಎಂಥವು ಗೊತ್ತೇ? ಗಣಿಯವನು ಕಟ್ಟಿಕೊಂಡು ಹೋಗುವ ಬುತ್ತಿಗೆ ‘ಬೇಟ್’. ಜೊತೆ ಕೆಲಸದವನಿಗೆ ‘ಮಾರಾ’. ಬೆರಳಿಗೆ ಚುಚ್ಚುವ ಸಿಬಿರಿಗೆ ‘ಸ್ಪೆಲ್ಕ್’. ಕೂರುವ ಪುಟ್ಟ ಸ್ಟೂಲಿಗೆ ‘ಕ್ರ್ಯಾಕೆಟ್’. ಗಣಿಯೊಳಗೆ ಅದರ ಮೇಲೆ ಕೂತೇ ಇದ್ದಲು ಕಡಿಯುತ್ತಿದ್ದರು. ಮನೆಗೆ ‘ಹೈಯಮ್’ ಎನ್ನುತ್ತಾರೆ, ಅದು ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದ ನಾರ್ಸ್ ಜನರ ಮಾತಿನ ನಂಟು. ಬುತ್ತಿ, ಸಿಬಿರು, ಮಣೆ, ಮನೆ. ಇವು ಇಲ್ಲದೆ ಕವಿತೆ ಯಾವುದರಿಂದ ಕಟ್ಟುತ್ತಾರೆ?

ಇಂಗ್ಲೆಂಡಿನ ಒಂದು ಹಳೇ ಕಾನೂನನ್ನು ನಾನು ಆಗಾಗ ನೆನೆಯುತ್ತೇನೆ. 1695ರವರೆಗೆ ಅಲ್ಲಿ ಎಲ್ಲೆಂದರಲ್ಲಿ ಅಚ್ಚುಕೂಟ ಇಡುವಂತಿರಲಿಲ್ಲ. ಲಂಡನ್ನು, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಯಾರ್ಕ್, ಅಷ್ಟೇ. ಆ ವರ್ಷ ಕಾನೂನಿನ ಅವಧಿ ಮುಗಿಯಿತು, ಮತ್ತೆ ಮುಂದುವರಿಸಲಿಲ್ಲ. ಆಗಿನಿಂದ ಅಚ್ಚುಯಂತ್ರ ಊರೂರಿಗೆ ಹೊರಟಿತು. ನೂರು ವರ್ಷ ಕಳೆಯುವಷ್ಟರಲ್ಲಿ ನ್ಯೂಕಾಸಲ್‌ನಲ್ಲಿ ಥಾಮಸ್ ಬ್ಯೂಯಿಕ್ ಮರದ ಅಚ್ಚಿನಲ್ಲಿ ಹಕ್ಕಿಗಳನ್ನು ಕೆತ್ತುತ್ತಿದ್ದ. ಅವನ ಹಕ್ಕಿ ಪುಸ್ತಕದ ಮೊದಲ ಸಂಪುಟ 1797ರದ್ದು. ಇಡೀ ಬ್ರಿಟನ್ನಿನ ಹಕ್ಕಿ ಆ ಪುಸ್ತಕದಲ್ಲಿವೆ, ಆದರೆ ಬರಹದ ಕೊನೆಯಲ್ಲಿ ಉಳಿದ ಚೂರು ಜಾಗಗಳಲ್ಲಿ ಅವನು ಕೆತ್ತಿದ್ದು ತನ್ನ ಟೈನ್ ನದಿ ಸೀಮೆಯ ಬದುಕನ್ನು, ಮಳೆಯಲ್ಲಿ ನಡೆಯುವವನನ್ನು, ಮೀನು ಹಿಡಿಯುವವನನ್ನು. ಈಗ ಜನ ಹಕ್ಕಿಗಿಂತ ಆ ಪುಟ್ಟ ಚಿತ್ರಗಳನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ನಾನಂತೂ ಹಾಗೇ ನೋಡಿದ್ದೇನೆ.

ಕೆಂಡಲ್ ಊರಿನ ಕಥೆಯೂ ಇದೇ. ಆಲ್ಫ್ರೆಡ್ ವೇನ್‌ರೈಟ್ ಅಲ್ಲಿನ ಪುರಸಭೆಯ ಖಜಾಂಚಿ. ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳನ್ನು ರಜೆಯ ದಿನ ಹತ್ತಿ, ಸಂಜೆ ಕೂತು ಪುಟಪುಟವನ್ನೂ ಕೈಯಲ್ಲೇ ಬರೆದರು. ನಕ್ಷೆ, ಚಿತ್ರ, ಅಕ್ಷರ ಎಲ್ಲ ಅವರದೇ ಕೈ, ಅಚ್ಚಿನ ಮೊಳೆ ಜೋಡಿಸುವ ಕೆಲಸವೇ ಇಲ್ಲ. 1955ರಲ್ಲಿ ಮೊದಲ ಪುಸ್ತಕ ಬಂದಾಗ ಪ್ರಕಾಶಕರ ಜಾಗದಲ್ಲಿದ್ದದ್ದು ಅದೇ ಊರಿನ ಲೈಬ್ರೇರಿಯನ್ ಹೆಸರು. ಸ್ಥಳೀಯ ಮುದ್ರಕರು ಹಣ ನಿಧಾನಕ್ಕೆ ಕೊಡಿ ಎಂದು ಅಚ್ಚು ಹಾಕಿಕೊಟ್ಟರು. 1966ರ ಹೊತ್ತಿಗೆ ಏಳು ಪುಸ್ತಕ ಮುಗಿದವು. ಇವತ್ತಿಗೂ ಬೆಟ್ಟ ಹತ್ತುವವರ ಚೀಲದಲ್ಲಿ ಅವು ಇರುತ್ತವೆ.

ಇನ್ನು ನಿಮ್ಮ ನ್ಯೂಕಾಸಲ್. ಬೇಸಿಲ್ ಬಂಟಿಂಗ್ ಎಂಬ ಕವಿ ಅಲ್ಲಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ದಿನ ದೂಡುತ್ತಿದ್ದ. ಜಗತ್ತು ಅವನನ್ನು ಮರೆತಿತ್ತು. ಹುಡುಕಿಕೊಂಡು ಹೋದವನು ಟಾಮ್ ಪಿಕಾರ್ಡ್, ಆಗಿನ್ನೂ ಹದಿಹರೆಯದ ಹುಡುಗ. ಊರಿನ ಹಳೇ ಕೋಟೆಗೋಡೆಯ ಮಾರ್ಡನ್ ಬುರುಜಿನಲ್ಲಿ ಹುಡುಗರು ಕವಿತೆ ಓದಿಸುತ್ತಿದ್ದರು. 1965ರ ಡಿಸೆಂಬರಿನಲ್ಲಿ, ಅರವತ್ತೈದರ ಬಂಟಿಂಗ್ ಅಲ್ಲಿ ನಿಂತು ತನ್ನ ಹೊಸ ದೀರ್ಘ ಕವಿತೆ ಓದಿದ. ಆ ಕವಿತೆಯಲ್ಲಿ ಎರಿಕ್ ಬ್ಲಡ್‌ಆಕ್ಸ್ ಎಂಬ ವೈಕಿಂಗ್ ದೊರೆ ಬರುತ್ತಾನೆ, ಆ ಸೀಮೆಯ ಹಳೇ ರಾಜ್ಯ ನಾರ್ಥಂಬ್ರಿಯವನ್ನು ಆಳಿದವನು. 1978ರಲ್ಲಿ ನೀಲ್ ಆಸ್ಟ್ಲಿ ನ್ಯೂಕಾಸಲ್‌ನಲ್ಲಿ ಕವಿತೆಗೆ ಪ್ರಕಾಶನ ತೆರೆದಾಗ ಇಟ್ಟ ಹೆಸರು ಆ ದೊರೆಯದು, ಬ್ಲಡ್‌ಆಕ್ಸ್ ಬುಕ್ಸ್. ಅದೇ ಬ್ಲಡ್‌ಆಕ್ಸ್ 2008ರಲ್ಲಿ ಜೀತ್ ತಯ್ಯಿಲ್ ಸಂಪಾದಿಸಿದ ಭಾರತೀಯ ಇಂಗ್ಲಿಷ್ ಕವಿತೆಗಳ ದಪ್ಪ ಸಂಕಲನ ತಂದಿತು. ಅದರಲ್ಲಿ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಇದ್ದಾರೆ. ಈಶಾನ್ಯ ಇಂಗ್ಲೆಂಡಿನ ಒಂದು ಪ್ರಕಾಶನ ತನ್ನ ಸೀಮೆಯ ದನಿಯನ್ನು ಬಿಡದೆ ಕೇಳಿಸಿಕೊಂಡಿದ್ದರಿಂದಲೇ ಮೈಸೂರಿನವರ ದನಿಯೂ ಅದಕ್ಕೆ ಕೇಳಿಸಿತು ಎಂದು ನನ್ನ ನಂಬಿಕೆ.

ಯು.ಎ. ಫ್ಯಾಂಥಾರ್ಪ್ ಬಗ್ಗೆ ಒಂದೇ ಮಾತು. ಆಸ್ಪತ್ರೆಯ ರಿಸೆಪ್ಷನ್ ಮೇಜಿನ ಹಿಂದೆ ಕೂತು ರೋಗಿಗಳನ್ನು ನೋಡುತ್ತಾ ಕವಿತೆ ಬರೆದ ಹೆಂಗಸು. ಐವತ್ತರ ಹತ್ತಿರ ಬಂದಾಗ, 1978ರಲ್ಲಿ, ಮೊದಲ ಸಂಕಲನ ತಂದಿದ್ದು ಪೀಟರ್‌ಲೂ ಪೊಯೆಟ್ಸ್, ಕಾರ್ನ್‌ವಾಲಿನಲ್ಲಿ ನೆಲೆಸಿದ್ದ ಸಣ್ಣ ಪ್ರಕಾಶನ. 2003ರಲ್ಲಿ ಕವಿತೆಗೆ ಕೊಡುವ ರಾಣಿಯ ಚಿನ್ನದ ಪದಕ ಅವರಿಗೆ ಬಂತು. ಪೀಟರ್‌ಲೂ 2009ರಲ್ಲಿ ಬಾಗಿಲು ಹಾಕಿತು.

ನನ್ನ ಹೊಟ್ಟೆ ಉರಿಯುವುದು ಇಲ್ಲೇ. 2011ರಲ್ಲಿ, ಕಲೆಗೆ ಸರ್ಕಾರದ ಹಣ ಹಂಚುವ ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್ ಅನುದಾನ ಕಡಿದಾಗ ಪೆಟ್ಟು ತಿಂದವರಲ್ಲಿ ಇಂಥ ಸಣ್ಣ ಕವಿತಾ ಪ್ರಕಾಶನಗಳಿದ್ದವು. ನಿಮ್ಮ ಸೀಮೆಯ ಫ್ಲ್ಯಾಂಬಾರ್ಡ್ ಪ್ರೆಸ್ ಅದರ ಮೇಲೆ ಏಳಲಿಲ್ಲ. ದೊಡ್ಡ ಸರ್ಕಾರದ ಲೆಕ್ಕದಲ್ಲಿ ಅವಕ್ಕೆ ಹೋಗುತ್ತಿದ್ದ ಹಣ ಚಿಲ್ಲರೆ. ಪುಸ್ತಕದಂಗಡಿಗಳು ಇಂಥ ಪುಸ್ತಕಕ್ಕೆ ಬಾಗಿಲ ಹತ್ತಿರದ ಮೂಲೆ ಕೊಟ್ಟರೆ ಪುಣ್ಯ. ಪಿನ್ ಹೊಡೆದ ಪುಸ್ತಕಕ್ಕೆ ಹೆಸರು ಅಚ್ಚು ಹಾಕಲು ಬೆನ್ನಿಲ್ಲ, ಬೆನ್ನಿಲ್ಲದ್ದು ಕಪಾಟಿನಲ್ಲಿ ಕಾಣುವುದಿಲ್ಲ, ಕಾಣದ್ದನ್ನು ಯಾರೂ ಕೇಳುವುದಿಲ್ಲ. ವಿಮರ್ಶೆ ಬರೆಯುವವರೂ ಬೆನ್ನಿದ್ದದ್ದನ್ನೇ ಎತ್ತಿಕೊಳ್ಳುತ್ತಾರೆ. ನಮ್ಮಲ್ಲೂ ತಾಲ್ಲೂಕು ಊರಿನ ಅಚ್ಚುಕೂಟಗಳು ಫ್ಲೆಕ್ಸ್ ಅಂಗಡಿಗಳಾಗಿವೆ. ಅಲ್ಲಿ ಕೂತು ಕರಡು ತಿದ್ದುತ್ತಿದ್ದವರ ಕೈಗೆ ಈಗ ಕೆಲಸವಿಲ್ಲ.

ನಾನೂ ಅಂಥ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಕಾಲೇಜು ಮುಗಿದ ಹೊಸತು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳ್ಳಿಯ ಚರಿತ್ರೆ ಬರೆದು ತಂದರು. ಐನೂರು ಪ್ರತಿ ಟ್ರೆಡಲ್ ಅಚ್ಚುಯಂತ್ರದಲ್ಲಿ ಹೊಡೆದೆವು. ಪುಸ್ತಕ ಹೊರಬಂದ ವಾರಕ್ಕೆ ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದು ಬಸ್ಸಿಳಿದು ನೇರ ಅಚ್ಚುಕೂಟಕ್ಕೆ ಬಂದಳು. ಅಕ್ಷರ ಬಾರದವಳು. ಮೊಮ್ಮಗ ಓದಿ ಹೇಳಿದ್ದ. ‘ಅಪ್ಪಾ, ಆ ಬಾವಿ ಗೌಡ್ರು ತೋಡ್ಸಿದ್ದು ಅಂತ ಬರ್ದಿದೀರಂತೆ. ಅದು ನಮ್ಮತ್ತೆ ತೋಡ್ಸಿದ್ದು. ಕೈಬಳೆ ಮಾರಿ ತೋಡ್ಸಿದ್ಲು’ ಅಂದಳು. ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತಳು, ಏಳಲೂ ಇಲ್ಲ. ಮೇಷ್ಟ್ರಿಗೆ ಹೇಳಿ ಕಳಿಸಿದೆವು. ಅವರು ಊರಲ್ಲಿ ನಾಲ್ಕು ಜನ ಹಿರಿಯರನ್ನು ಕೇಳಿ ಬಂದರು. ಮುದುಕಿ ಹೇಳಿದ್ದೇ ನಿಜ. ಉಳಿದ ಇನ್ನೂರು ಪ್ರತಿಗೆ ಎರಡು ಸಾಲಿನ ತಪ್ಪೊಪ್ಪು ಚೀಟಿ ಅಚ್ಚು ಮಾಡಿ ನಾನೇ ಗೋಂದು ಹಚ್ಚಿ ಅಂಟಿಸಿದೆ. ಅವಳ ಅತ್ತೆಯ ಹೆಸರು ಅಚ್ಚಿಗೆ ಬಂದಿದ್ದು ಅದೇ ಮೊದಲು.

ಆ ಪುಸ್ತಕ ದೂರದ ಊರಿನಲ್ಲಿ ಅಚ್ಚಾಗಿದ್ದರೆ ಆಕೆ ಯಾವ ಬಸ್ಸು ಹತ್ತಬೇಕಿತ್ತು?

ಈಗ ನಿಮ್ಮ ಪೆನ್ಸಿಲ್ ಗೀಟಿನ ವಿಷಯ. ಯಾರೋ ಆ ಫೋಟೋವನ್ನು ಕನ್ನಡಕ ಸರಿಮಾಡಿಕೊಂಡು ನೋಡಿದ್ದಾರೆ. ಮೂರನೇ ಸಾಲಿನಲ್ಲೋ ನಾಲ್ಕನೇ ಸಾಲಿನಲ್ಲೋ ನಿಂತ ಹುಡುಗ ತಮ್ಮ ಚಿಕ್ಕಪ್ಪನೋ, ಅಪ್ಪನ ‘ಮಾರಾ’ನೋ ಎಂದು ಗುರುತು ಹಿಡಿದಿದ್ದಾರೆ. ತಪ್ಪು ಹೆಸರಿನಡಿ ಅವನನ್ನು ಬಿಟ್ಟು ಹೋಗಲು ಮನಸ್ಸು ಬಂದಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರು ಪುಸ್ತಕವನ್ನು ಚಾರಿಟಿ ಅಂಗಡಿಗೆ ಕೊಟ್ಟಿರಬೇಕು, ಅಲ್ಲಿಂದ ನಿಮ್ಮ ಕೈಗೆ ಬಂದಿದೆ. ಯಾರಿಗಾಗಿ ಅಚ್ಚು ಹಾಕುತ್ತಾರೆ ಎಂದು ಕೇಳಿದಿರಲ್ಲ, ಅವರಿಗಾಗಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಊರು ಬಿಟ್ಟು ಅಷ್ಟು ದೂರ ಹೋಗಿ, ಇನ್ನೊಬ್ಬರ ಊರಿನ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡು, ಅರ್ಥವಾಗದಿದ್ದರೂ ಕೊನೇ ಪುಟದವರೆಗೆ ಓದಿದ್ದೀರಿ. ಅಂಥ ಓದುಗರು ನಮಗೆ ಜಾಸ್ತಿ ಇಲ್ಲ.

ಆದ್ದರಿಂದ ಒಂದು ಕೆಲಸ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಜೆಯ ದಿನ ಆ ಎರಡೂ ಪುಸ್ತಕ ಚೀಲಕ್ಕೆ ಹಾಕಿಕೊಂಡು ಆ ಊರಿಗೆ ಹೋಗಿ. ಹಿರಿಯರು ಸೇರುವ ಕ್ಲಬ್ಬೋ ಲೈಬ್ರೇರಿಯೋ ಇದ್ದೇ ಇರುತ್ತದೆ. ಕವಿತೆಯಲ್ಲಿ ತಿಳಿಯದ ಪದಗಳನ್ನು ತೋರಿಸಿ ಕೇಳಿ. ಆಮೇಲೆ ಫೋಟೋದ ಪುಟ ತೆರೆದು, ಅಚ್ಚಿನ ಹೆಸರು, ಪೆನ್ಸಿಲಿನ ಹೆಸರು ಎರಡನ್ನೂ ತೋರಿಸಿ, ಯಾವುದು ಸರಿ ಅಂತ ಕೇಳಿ. ಅವರು ಹೇಳಿದ್ದನ್ನು ನೀವೂ ಪೆನ್ಸಿಲಿನಲ್ಲೇ ಅದರ ಕೆಳಗೆ ಬರೆಯಿರಿ, ತಾರೀಖು ಹಾಕಿ. ನಮಗೂ ಒಂದು ಸಾಲು ಬರೆದು ಕಳಿಸಿ.